ನಂಬರ್ ಪಿಚ್ಚರ್‌ನ ಟೀಚರಮ್ಮ

ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬ ಮುದುಕ ಬಂದೂಕಿನ ಹಿಡಿಯಿಂದ ಏಟು ತಿನ್ನುವುದನ್ನು ನೋಡಿ ಒಂದು ಭವನದ ತುಂಬ ಜನ ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿದವನು ನಾನು. ಮುದುಕ ಸಿನಿಮಾದವನು, ನಿಜ. ಹೊಡೆದವನು ಯಾವುದೋ ದೇಶದ ಸಿಪಾಯಿ, ಅದೂ ನಿಜ. ಆದರೆ ಆ ಏಟಿಗೆ ಸರಿಯಾಗಿ ಮೈಕಿನಲ್ಲಿ ‘ಡಬ್’ ಎಂದು ಬಾಯಿಂದ ಸದ್ದು ಹಾಕಿದವನು ಮಂಡ್ಯದ ಗುತ್ತಲು ಬಡಾವಣೆಯ ಈ ಮಹಾಶಯ. ಸದ್ದು ಬಹಳ ಚೆನ್ನಾಗಿ ಬಂದಿತ್ತು. ಅದೇ ಈಗ ಹೆಚ್ಚು ಚುಚ್ಚುವುದು.

ಇದೆಲ್ಲ ಮೇಲೆದ್ದು ಬಂದದ್ದು ಜೇಷ್ಠಮಧುವಿನ ವಾಸನೆಯಿಂದ. ಮೊನ್ನೆ ಶನಿವಾರ ಮದ್ದೂರಿನಲ್ಲಿ ಒಂದು ಆರತಕ್ಷತೆಗೆ ಮಿಮಿಕ್ರಿ ಮಾಡಲು ಹೋಗಿದ್ದೆ. ಊಟದ ಪಂಕ್ತಿಯ ಗಲಾಟೆಯ ಮೇಲೆ ಕೂಗಿ ಕೂಗಿ ಗಂಟಲು ಕಟ್ಟಿತು. ಮಾರನೆಯ ಮಧ್ಯಾಹ್ನ ಮಳವಳ್ಳಿಯಲ್ಲಿ ಇನ್ನೊಂದು ಕೆಲಸವಿತ್ತು, ಅದಕ್ಕೆ ಗಂಟಲು ಬೇಕೇ ಬೇಕಿತ್ತು. ಬೆಳಿಗ್ಗೆ ಗ್ರಂಧಿಗೆ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದರು. ಒಣಗಿದ ಬೇರಿನ ವಾಸನೆ, ಒಂದಿಷ್ಟು ಸಿಹಿ, ಒಂದಿಷ್ಟು ಮಣ್ಣು, ಹಳೆಯ ಪುಸ್ತಕದ ಬೀರು ತೆರೆದಂತೆ ಒಂದಿಷ್ಟು... ಎಷ್ಟು ಕೊಡಲಿ ಎಂದು ಅವರು ಎರಡು ಸಲ ಕೇಳಿದರಂತೆ. ನಾನು ಅಷ್ಟರಲ್ಲಿ ಅಲ್ಲಿರಲಿಲ್ಲ. ಗುತ್ತಲಿನಲ್ಲಿ, ಟೀಚರಮ್ಮನ ನಡುಮನೆಯಲ್ಲಿ, ಚಾಪೆಯ ಮೇಲೆ ಕೂತಿದ್ದೆ.

ಟೀಚರಮ್ಮ ನಮ್ಮ ಮನೆಯಿಂದ ಮೂರನೇ ಮನೆಯವರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾಗಿದ್ದರು. ಮದುವೆ ಯಾಕಾಗಲಿಲ್ಲ ಎಂದು ಬೀದಿ ಕೇಳಿ ಕೇಳಿ ಸುಸ್ತಾಗಿ ಸುಮ್ಮನಾಗಿತ್ತು. ಜೊತೆಗಿದ್ದವರು ಅವರ ತಂಗಿ. ಬೀದಿಯ ಅರ್ಧ ಹೆಂಗಸರ ರವಿಕೆ ಹೊಲಿದವರು, ಉಳಿದರ್ಧ ಹೆಂಗಸರ ಜೊತೆ ಮಾತು ಬಿಟ್ಟವರು. ಅಕ್ಕ ಮಾತನ್ನು ಅಳೆದು ಆಡುತ್ತಿದ್ದರು, ತಂಗಿ ಕತ್ತರಿಸಿ ಒಗೆಯುತ್ತಿದ್ದರು.

ಟೀಚರಮ್ಮನ ದನಿಗೆ ಏರಿಳಿತವೆಂಬುದೇ ಇರಲಿಲ್ಲ. ಮಹಾಯುದ್ಧ ಶುರುವಾಯಿತು ಎನ್ನುವುದನ್ನೂ ಹಾಲು ಉಕ್ಕಿತು ಎನ್ನುವುದನ್ನೂ ಒಂದೇ ಮಟ್ಟದಲ್ಲಿ ಹೇಳುತ್ತಿದ್ದರು. ಮಿಮಿಕ್ರಿಯವನಿಗೆ ಇಂಥ ದನಿ ಸಿಕ್ಕರೆ ಹಬ್ಬ. ಆಗ ನಾನು ಡಿಗ್ರಿ ಮೊದಲನೇ ವರ್ಷ. ಪಡಿತರ ಅಂಗಡಿಯವರ ಕೆಮ್ಮು, ಮಳವಳ್ಳಿ ಪ್ರೈವೇಟ್ ಬಸ್ಸಿನ ಕಂಡಕ್ಟರು, ನಮ್ಮಪ್ಪ ಸೀನುವುದು, ನಮ್ಮಮ್ಮ ಫೋನಿನಲ್ಲಿ ಮಾತ್ರ ಬಳಸುವ ಮೃದುಭಾಷೆ, ಎಲ್ಲವೂ ನನ್ನ ಕೈವಶವಾಗಿದ್ದವು. ನನ್ನ ಸ್ವಂತ ದನಿ ಬೇಕಾಗುತ್ತಿದ್ದುದು ಮೌಖಿಕ ಪರೀಕ್ಷೆಯಲ್ಲಿ ಮಾತ್ರ. ಅಲ್ಲಿ ಅದು ಹೊರಡುತ್ತಲೇ ಇರಲಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಕೂತು, ಟೀಚರಮ್ಮ ಹಾಜರಿ ಕರೆಯುವುದನ್ನು ಮಾಡಿ ತೋರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಗೆಳೆಯರ ನಗು ನಿಂತಿತು. ತಿರುಗಿದರೆ ಅವರೇ, ಕೈಯಲ್ಲಿ ಸೊಪ್ಪಿನ ಚೀಲ. ಅವರು ಸ್ವಲ್ಪ ಯೋಚಿಸಿ, “ಮೂಗು ಜಾಸ್ತಿ ಆಯ್ತು. ಇನ್ನೊಂದ್ಸಲ ಮಾಡು” ಎಂದರು. ಮಾಡಿದೆ. ಈಗ ಸರಿ ಎಂದು ಹೇಳಿ ಹೊರಟುಹೋದರು. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತಿದ್ದಿಬಿಟ್ಟರಲ್ಲ, ಅಂದಿನಿಂದ ನಾನು ಅವರ ಮನೆಗೆ ಹೋಗಿ ಬರುವವನಾದೆ.

ಅವರ ಬಳಿ ಒಂದು ಸಿನಿಮಾ ಇತ್ತು. ಒಂದೇ ಒಂದು. ಕಪ್ಪುಬಿಳುಪಿನದು, ಸಮುದ್ರದಾಚೆಯದು. ಮೈಸೂರಿನಲ್ಲಿ ಓದುವಾಗ ಒಮ್ಮೆ ನೋಡಿ, ಆಮೇಲೆ ವರ್ಷಗಟ್ಟಲೆ ಹುಡುಕಿ, ಕೊನೆಗೆ ಹಳೆಯ ಗೆಳತಿಯೊಬ್ಬರಿಂದ ಪೆನ್‌ಡ್ರೈವಿನಲ್ಲಿ ಪಡೆದದ್ದು. ಅದರ ಹೆಸರು ನನ್ನ ಬಾಯಲ್ಲಿ ಒಮ್ಮೆಯೂ ಸರಿಯಾಗಿ ಹೊರಳಲಿಲ್ಲ. ಊರೆಲ್ಲರ ನಾಲಿಗೆ ಕದ್ದವನು ಆ ಹೆಸರಿನ ಮುಂದೆ ಸೋತೆ. ಬೀದಿಯಲ್ಲಿ ಎಲ್ಲರೂ ಅದನ್ನು ನಂಬರ್ ಪಿಚ್ಚರ್ ಎನ್ನುತ್ತಿದ್ದರು.

ಕಥೆ ಇಷ್ಟು. ಕಡಲ ದಂಡೆಯ ಒಂದು ದೊಡ್ಡ ಊರು. ಎಲ್ಲಿಂದಲೋ ಬಂದವರು ಅದನ್ನು ಆಳುತ್ತಿರುತ್ತಾರೆ. ಹಳೇಪೇಟೆಯ ಗಲ್ಲಿಗಳಲ್ಲಿ ಅವರ ವಿರುದ್ಧ ಹೋರಾಡುವವರು ಅಡಗಿದ್ದಾರೆ. ಹುಡುಕಲು ಸುಲಭವಾಗಲಿ ಎಂದು ಆಳುವವರು ಒಂದೊಂದು ಬಾಗಿಲಿಗೂ ಸುಣ್ಣದಲ್ಲಿ ನಂಬರ್ ಬರೆಸುತ್ತಾರೆ. ಬೆಳಗಾಗುವಷ್ಟರಲ್ಲಿ ನಂಬರ್ ಮಾಯ. ಮತ್ತೆ ಬರೆಸುತ್ತಾರೆ, ಮತ್ತೆ ಮಾಯ. ಇಂತಿಷ್ಟನೇ ನಂಬರಿನ ಮನೆ ಯಾವುದು ಎಂದು ಹಿಡಿದು ಕೇಳಿದರೆ ಇಡೀ ಪೇಟೆಯದು ಒಂದೇ ಉತ್ತರ: ನಮಗೆ ಓದೋಕೆ ಬರಲ್ಲ ಸ್ವಾಮಿ. ಕಾಫಿ ಅಂಗಡಿಯವನು ಹಾಗೆನ್ನುತ್ತಾನೆ, ಸೂಲಗಿತ್ತಿ ಹಾಗೆನ್ನುತ್ತಾಳೆ. ಕೊನೆಗೆ, ಮೆಟ್ಟಿಲ ಕೆಳಗೆ ಕೂತು ಬೇರೆಯವರಿಗೆ ಅರ್ಜಿ ಬರೆದುಕೊಡುವ ಮುದುಕನೂ ಹಾಗೇ ಎನ್ನುತ್ತಾನೆ. ಏಟು ಬೀಳುವುದು ಅವನಿಗೆ.

ಆ ದೂರದ ಊರಿನ ಉಸಾಬರಿ ನಮಗೇಕೆ ಎಂದು ಯಾರೋ ಕೇಳಿದ್ದಕ್ಕೆ ಟೀಚರಮ್ಮ, ಮದ್ದೂರಿನ ಬಸ್ಸು ಶಿವಪುರ ದಾಟುವಾಗ ಎಷ್ಟು ಜನ ಫೋನಿನಿಂದ ತಲೆಯೆತ್ತಿ ಸತ್ಯಾಗ್ರಹ ಸೌಧದ ಕಡೆ ನೋಡುತ್ತಾರೆ, ಎಣಿಸಿಕೊಂಡು ಬಾ ಎಂದಿದ್ದರಂತೆ. ಬಾವುಟ ಹಾರಿಸಿ ಜೈಲಿಗೆ ಹೋದವರ ನೆಲ ನಮ್ಮ ಮಗ್ಗುಲಲ್ಲೇ ಇದೆ. ಅದನ್ನು ಪಾಠವಾಗಿ ಹೇಳಿದರೆ ಮಕ್ಕಳು ಎರಡು ಅಂಕದ ಪ್ರಶ್ನೆ ಎಂದು ಅಡಿಗೆರೆ ಎಳೆಯುತ್ತಾರೆ. ಬೇರೆಯವರ ಗಲ್ಲಿ ಸುತ್ತಿಸಿಕೊಂಡು ಕರೆತಂದರೆ ತಮ್ಮ ಬೀದಿ ಕಾಣುತ್ತದೆ ಎಂಬುದು ಅವರ ಲೆಕ್ಕ.

ತೊಡಕು ಎಂದರೆ, ಮಾತು ಯಾವುದೋ ಭಾಷೆಯದು, ತೆರೆಯ ಕೆಳಗೆ ಓಡುವ ಅಕ್ಷರ ಇಂಗ್ಲಿಷಿನದು. ಅವರಿಗೆ ತೋರಿಸಬೇಕಿದ್ದುದು ನಾಟಿಯ ಹೆಣ್ಣಾಳುಗಳಿಗೆ, ಆಲೆಮನೆಯವರಿಗೆ, ಹಾಸ್ಟೆಲಿನ ಹುಡುಗಿಯರಿಗೆ. ಇನ್ನೂ ಕೆಲಸದಲ್ಲಿದ್ದಾಗ ಒಂದು ಇಡೀ ಬೇಸಿಗೆ ರಜೆ ತಂಗಿ ಒಂದೊಂದು ಮಾತಿಗೂ ಸಿನಿಮಾ ನಿಲ್ಲಿಸುತ್ತಾ, ಅಕ್ಕ ಅದನ್ನು ಮಂಡ್ಯದ ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸುತ್ತಾ ಕೂತರು. ತೋರಿಸುವ ದಿನ ಟೀಚರಮ್ಮ ತೆರೆಯ ಎಡಕ್ಕೆ ನಿಂತು, ಸಣ್ಣ ಟಾರ್ಚಿನ ಬೆಳಕಿನಲ್ಲಿ ಒಂದೊಂದು ಮಾತನ್ನೂ ಹೇಳುವರು. ಯಾವಾಗಲೂ ಮಧ್ಯಾಹ್ನ ಮೂರಕ್ಕೆ. ಸಂಜೆಯಾದರೆ ಹೆಂಗಸರು ಒಲೆ ಬಿಟ್ಟು ಬರಲಾರರು ಎಂದು. ಕಿಟಕಿಗೆಲ್ಲ ಕರೀ ಕಂಬಳಿ ಕಟ್ಟಿ ಕತ್ತಲು ಮಾಡಿಕೊಳ್ಳುತ್ತಿದ್ದರು. ಕಂಬಳಿಯ ತೂತುಗಳಿಂದ ಬಿಸಿಲು ಚುಕ್ಕಿಚುಕ್ಕಿಯಾಗಿ ಆ ಪರದೇಶದ ಆಕಾಶದ ಮೇಲೆ ಬೀಳುತ್ತಿತ್ತು.

ಪ್ರೊಜೆಕ್ಟರನ್ನು ಹಳೇ ಸೀರೆಯಲ್ಲಿ ಸುತ್ತಿ ವೈರು ಚೀಲದಲ್ಲಿಟ್ಟು ಬಸ್ಸಿಗೆ ಹತ್ತಿಸುವುದು ತಂಗಿಯ ಕೆಲಸ. ಒಮ್ಮೆ ಮಳವಳ್ಳಿ ಬಸ್ಸಿನ ಕಂಡಕ್ಟರು ಚೀಲ ಮುಟ್ಟಿ ನೋಡಿ, ಮಿಕ್ಸಿಯಾ ಅಮ್ಮಾ ಎಂದು ಕೇಳಿದ. “ಊಂ ಕಣಪ್ಪ, ಆಳೋರ್ನ ಆಕಿ ರುಬ್ಬದು” ಎಂದರು ತಂಗಿ. ಆತ ಮಳವಳ್ಳಿ ಬರುವವರೆಗೂ ಆ ಕಡೆ ಸುಳಿಯಲಿಲ್ಲ.

ನಾನು ಮೊದಲ ಸಲ ನೋಡಿದ್ದು ಗುತ್ತಲಿನಲ್ಲೇ. ತೆರೆಯಲ್ಲಿ ಜನ ಅರಚುತ್ತಿದ್ದಾರೆ, ಅಳುತ್ತಿದ್ದಾರೆ, ಟೀಚರಮ್ಮ ಮಾತ್ರ ಹಾಜರಿ ಕರೆದಂತೆ ಹೇಳುತ್ತಿದ್ದಾರೆ. ನನಗೆ ಕೈ ಕಾಲು ತುರಿಸತೊಡಗಿತು. ಮುಗಿದ ಮೇಲೆ ಹೋಗಿ, ಮೇಡಂ, ಸ್ವಲ್ಪ ಭಾವ ಹಾಕಬಾರದೇ ಎಂದು ಉಪದೇಶ ಮಾಡಿದೆ. ಪಕ್ಕದ ದನಿ ಬಸ್ಸಿನ ಕಿಟಕಿಯ ಗಾಜಿನ ಹಾಗಿರಬೇಕು, ಆಚೆಗಿನದು ಕಾಣಬೇಕು, ಗಾಜು ಕಾಣಬಾರದು ಎಂದರು ಅವರು. ನನ್ನ ಗಾಜಿಗೆ ಸ್ಟಿಕರುಗಳೇ ಜಾಸ್ತಿ ಎಂದು ನಾನು ನಗಾಡಿದೆ. ಅವರು ನಗಲಿಲ್ಲ. ಆದರೆ ಒಂದು ಗಳಿಗೆ ನನ್ನನ್ನೇ ನೋಡಿದರು...

ಅದಾದ ಮುಂದಿನ ವರ್ಷ ಅವರ ಗಂಟಲಲ್ಲಿ ಗಂಟು ಎಂದರು. ಆಪರೇಷನ್ ಆಯಿತು. ಗಂಟು ಹೋಯಿತು, ದನಿಯೂ ಅದರ ಜೊತೆ ಹೋಯಿತು. ಉಳಿದದ್ದು ಬರೀ ಪಿಸುದನಿ, ಬೀಸಣಿಗೆಯ ಗಾಳಿಯಷ್ಟು. ಪಿಸುಗುಟ್ಟುವುದು ಮಾತಾಡುವುದಕ್ಕಿಂತ ಕೆಟ್ಟದ್ದು, ಅದನ್ನೂ ಆದಷ್ಟು ಕಡಿಮೆ ಮಾಡಿ ಎಂದಿದ್ದರಂತೆ ಡಾಕ್ಟರು. ಸದಾ ಜೇಷ್ಠಮಧುವಿನ ತುಂಡು ಬಾಯಲ್ಲಿಟ್ಟುಕೊಂಡಿರುತ್ತಿದ್ದರು. ಮಾತಿಗೆ ಮುಂಚೆ ವಾಸನೆ ಬರುತ್ತಿತ್ತು.

ಒಂದು ದಿನ ತಂಗಿ ಬಂದು, ಅಕ್ಕ ಕರೀತಾಳೆ ಎಂದರು. ಹೋದೆ. ಟೀಚರಮ್ಮ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟರು. ಊರಾಚೆಯ ಕೃಷಿ ಕೇಂದ್ರ ವಿ.ಸಿ. ಫಾರಂನ ಕೂಲಿಯವರಿಗೆ ತೋರಿಸುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಅಲ್ಲಿಂದಾಚೆಗೆ ಮದ್ದೂರು, ಮಳವಳ್ಳಿ. ದನಿ ಬೇಕಿತ್ತು. ಓದಿದ ಶಿಷ್ಯರು ಎಷ್ಟೋ ಜನ ಇದ್ದರು, ಲೆಕ್ಚರರು, ವಕೀಲರು. ಅವರೆಲ್ಲ ಭಾಷಣ ಮಾಡುತ್ತಾರೆ ಎಂದು ಅವರನ್ನು ಕರೆಯಲಿಲ್ಲವಂತೆ. ಮೂರು ವಾರ ದಿನವೂ ಕೂರಿಸಿಕೊಂಡು ಓದಿಸಿದರು. ಓದುವಾಗ ನನ್ನೊಳಗಿನ ಕಂಡಕ್ಟರು ಒಂಚೂರು ಇಣುಕಿದರೂ ಚಾಪೆಯ ಮೇಲೆ ಬೆರಳು ಬಡಿಯುವರು. ನಾನು ನಿಲ್ಲಿಸಿ ಮತ್ತೆ ಮೊದಲಿಂದ. ಯಾರ ಥರವೂ ಮಾಡಬೇಡ, ಅಷ್ಟೇ ಅವರ ಷರತ್ತು. ಒಪ್ಪಿಕೊಂಡೆ. ತಲೆ ಮುಟ್ಟಿ ಒಪ್ಪಿಕೊಂಡೆ.

ಫಾರಂನ ಸಮುದಾಯ ಭವನ ತುಂಬಿತ್ತು. ಮುಂದೆ ಚಾಪೆಗಳ ಮೇಲೆ ಹೆಂಗಸರು, ಗದ್ದೆಯಿಂದ ನೇರ ಬಂದವರು, ಕೆಲವರ ತಲೆಯ ಟವೆಲ್ಲು ಇನ್ನೂ ಬಿಚ್ಚಿರಲಿಲ್ಲ. ಮೊದಲ ಅರ್ಧ ಗಂಟೆ ನಾನು ಗಾಜಾಗಿದ್ದೆ, ದೇವರಾಣೆ. ಆಮೇಲೆ ಹಿಂದುಗಡೆ ಒಬ್ಬರು ಆಕಳಿಸಿದರು. ಒಂದೇ ಆಕಳಿಕೆ. ಮಿಮಿಕ್ರಿಯವನಿಗೆ ಆಕಳಿಕೆಯೆಂದರೆ ಹಾವು ಕಂಡಂತೆ. ಅಷ್ಟರಲ್ಲಿ ತೆರೆಯಲ್ಲಿ ಆಫೀಸರು ಗಲ್ಲಿಗೆ ನುಗ್ಗಿ ಜನರನ್ನು ತಳ್ಳುತ್ತಾ ಬಂದ. ನನ್ನ ಬಾಯಿಂದ ಕಂಡಕ್ಟರು ಹೊರಟೇಬಿಟ್ಟ, ಮುಂದಕ್ಕೆ ಬನ್ನಿ ಮುಂದಕ್ಕೆ ಬನ್ನಿ, ಸೀಟು ಖಾಲಿ ಐತೆ ಎಂದು. ಭವನ ಗೊಳ್ಳೆಂದಿತು. ಆ ನಗು... ಅದನ್ನು ತಿಂದವರಿಗೇ ಗೊತ್ತು ಅದರ ರುಚಿ. ಅಲ್ಲಿಂದ ನಾನು ನೋಟ್‌ಬುಕ್ಕು ನೋಡಲೇ ಇಲ್ಲ. ಸೂಲಗಿತ್ತಿಗೆ ನಮ್ಮಮ್ಮನ ಫೋನ್ ದನಿ. ಅರ್ಜಿ ಬರೆಯುವ ಮುದುಕನಿಗೆ ಕೊನೇ ಸೀಟಿನ ಕುಡುಕ. ಹನ್ನೆರಡನೇ ನಂಬರ್ ಎಲ್ಲಿ ಎಂದು ಆಫೀಸರು ಕೇಳಿದರೆ, ನನ್ನ ಮುದುಕ ಟಿಕೆಟ್ ಆಗಲೇ ತಗೊಂಡೆ ಸ್ವಾಮಿ ಎಂದ. ಬಂದೂಕಿನ ಹಿಡಿ ಅವನ ಭುಜದ ಮೇಲೆ ಬಿತ್ತು. ನಾನು ‘ಡಬ್’ ಎಂದೆ.

ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾಗಲೇ ತೆರೆಯ ಮೇಲೆ ಒಂದು ಕೈ ಮೂಡಿತು. ಐದು ಬೆರಳಿನ ದೊಡ್ಡ ಕರೀ ಕೈ. ಗಲ್ಲಿ, ಮೆಟ್ಟಿಲು, ಸಿಪಾಯಿ, ಕಡಲು ಎಲ್ಲವೂ ಅದರಡಿ ಮುಚ್ಚಿಹೋದವು. ಟೀಚರಮ್ಮ ಎದ್ದು ಪ್ರೊಜೆಕ್ಟರಿನ ಬೆಳಕಿಗೆ ಅಂಗೈ ಹಿಡಿದು ನಿಂತಿದ್ದರು. ಕೂಗಲು ದನಿಯಿಲ್ಲದವರು ಇನ್ನೇನು ಮಾಡಿಯಾರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೂ ಆ ಕೈ ಹಾಗೇ ಇತ್ತು, ಒಂದು ಚೂರೂ ಅಲುಗದೆ.

ಆಮೇಲೆ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡು, ಅದನ್ನು ಆರಿಸಿ ನೆಲದ ಮೇಲಿಟ್ಟರು. ತಂಗಿಗೆ ಸನ್ನೆ ಮಾಡಿದರು. ತಂಗಿ ಸಿನಿಮಾವನ್ನು ಹಿಂದಕ್ಕೆ ಓಡಿಸಿ, ಆಫೀಸರು ಗಲ್ಲಿಗೆ ಬರುವಲ್ಲಿಂದ ಮತ್ತೆ ಬಿಟ್ಟರು. ಈ ಸಲ ಪಕ್ಕದಲ್ಲಿ ಯಾರ ದನಿಯೂ ಇಲ್ಲ. ಅರ್ಥವಾಗದ ಭಾಷೆಯಲ್ಲಿ ಆಫೀಸರು ಅದೇ ಪ್ರಶ್ನೆ ಕೇಳಿದ. ಮುದುಕ ತಲೆಯಾಡಿಸಿದ. ಆಗ ಮುಂದಿನ ಚಾಪೆಯಿಂದ, ತಲೆಗೆ ಟವೆಲ್ಲು ಸುತ್ತಿದ್ದ ಹೆಣ್ಣಾಳೊಬ್ಬಳು ಪಕ್ಕದವಳಿಗೆ ಹೇಳುವಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅವನ್ ಕೈ ಬೆಳ್ಳು ನೋಡ್ರವ್ವ. ಮಸಿ ಐತೆ. ನಮ್ಗಾದ್ರೆ ಎಬ್ಬೆಟ್ಟಿನ ತುದೀಗ್ ಅತ್ಕತದೆ. ಅವುಂಗೆ ನಡು ಬೆಳ್ಳಿನ ಪಕ್ದಲ್ಲೈತೆ. ಬರಿಯೋನು ಕಣವ್ವ ಅವ್ನು. ಓದಕ್ ಬತ್ತದೆ. ಯೋಳಾಕಿಲ್ಲ ಅಂತ ಕುಂತವ್ನೆ.”

ಇಡೀ ಭವನ ಮುಂದಕ್ಕೆ ಬಾಗಿತು. ನಿಜ. ಮುದುಕನ ನಡುಬೆರಳಿನ ಪಕ್ಕ, ಲೇಖನಿ ಕೂರುವ ಜಾಗದಲ್ಲಿ, ಒಂದು ಕಪ್ಪು ಕಲೆ. ಓದೋಕೆ ಬರಲ್ಲ ಎನ್ನುತ್ತಲೇ ಅವನು ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುತ್ತಾನೆ. ಒಂದು ಕ್ಷಣದ ಕೆಲಸ. ಅಷ್ಟರಲ್ಲಿ ಏಟು ಬೀಳುತ್ತದೆ. ಯಾರೂ ನಗಲಿಲ್ಲ. ಯಾರೋ ಅಯ್ಯೋ ಎಂದರು, ಮೆಲ್ಲಗೆ, ಮನೆಯವರಿಗೆ ಬಿದ್ದಂತೆ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಜನರನ್ನು ನೋಡಿ ನೋಡಿಯೇ ಬದುಕುವವನು ನಾನು. ಕೆಮ್ಮು ಕದಿಯುತ್ತೇನೆ, ನಡಿಗೆ ಕದಿಯುತ್ತೇನೆ. ಆ ದೃಶ್ಯವನ್ನು ಟೀಚರಮ್ಮನ ಮನೆಯಲ್ಲಿ ಎಷ್ಟು ಸಲ ನೋಡಿರಲಿಲ್ಲ? ಆ ಬೆರಳು ನನಗೆ ಕಂಡಿರಲಿಲ್ಲ. ದಿನವೂ ಹಾಜರಿಗೆ ಹೆಬ್ಬೆಟ್ಟು ಒತ್ತಿದ ಹೆಂಗಸಿಗೆ ಕಂಡಿತು. ಮಸಿ ಯಾರಿಗೆ ಎಲ್ಲಿ ಹತ್ತುತ್ತದೆ ಎಂಬ ಓದು ಅವಳಿಗೆ ಗೊತ್ತಿತ್ತು. ಅಕ್ಷರ ಬಲ್ಲ ನಮಗೆ ಗೊತ್ತಿರಲಿಲ್ಲ.

ನಮಗೆ ಎಂದೆನಲ್ಲ, ಅದು ಬೇಕೆಂದೇ ಹೇಳಿದ ಮಾತು. ಮಂಡ್ಯಕ್ಕೆ ವಾಪಸು ಬರುವ ಬಸ್ಸಿನಲ್ಲಿ ನಾನು ಅಕ್ಕತಂಗಿಯರ ಹಿಂದಿನ ಸೀಟಿನಲ್ಲಿ, ಇಲ್ಲದವನಂತೆ ಕೂತಿದ್ದೆ. ಬೈಗುಳಕ್ಕೆ ಕಾಯುತ್ತಿದ್ದೆ. ಟೀಚರಮ್ಮ ತಂಗಿಯ ಕಿವಿಗೆ ಬಗ್ಗಿ ಪಿಸುಗುಟ್ಟಿದ್ದು ಬೇರೆಯೇ. ಇಷ್ಟು ವರ್ಷ ತೋರಿಸಿದ್ದೇನೆ, ಆ ಬೆರಳನ್ನು ನಾನೇ ನೋಡಿರಲಿಲ್ಲ ಎಂದರು. ಕಿಟಕಿಯ ಗಾಜಿನಲ್ಲಿ ಅವರ ಮುಖ ಕಂಡಿತು. ಅಷ್ಟು ಸಂತೋಷವಾಗಿದ್ದ ಮುಖವನ್ನು ನಾನು ಅವರಲ್ಲಿ ಹಿಂದೆ ಕಂಡಿರಲಿಲ್ಲ. ಅರವತ್ತೈದು ದಾಟಿದ ಟೀಚರು ಕಬ್ಬಿನ ಗದ್ದೆಗಳನ್ನು ನೋಡುತ್ತಾ, ತನ್ನದೇ ನಡುಬೆರಳಿನ ಪಕ್ಕವನ್ನು ಹೆಬ್ಬೆಟ್ಟಿನಿಂದ ಉಜ್ಜಿಕೊಳ್ಳುತ್ತಿದ್ದರು.

ಆ ಬಸ್ಸಿನಲ್ಲೇ ಕಾಲು ಹಿಡಿದಿದ್ದರೆ ಮುಗಿಯುತ್ತಿತ್ತು. ನಾನು ಎರಡು ದಿನ ಬಿಟ್ಟು ಹೋದೆ, ಅದೂ ವಾದ ಕಟ್ಟಿಕೊಂಡು. ಬಾಗಿಲಲ್ಲೇ ತಂಗಿ, ಬಂದ್ಯಾ ಕಲಾವಿದ ಎಂದು ಪೊರಕೆ ಬದಿಗಿಟ್ಟರು. ಒಳಗೆ ಟೀಚರಮ್ಮನ ಮುಂದೆ ನಿಂತು, ತಪ್ಪಾಯಿತು ಎನ್ನುವ ಬದಲು, ಜನಕ್ಕೆ ಖುಷಿಯಾಯಿತಲ್ಲ ಮೇಡಂ ಎಂದುಬಿಟ್ಟೆ. ಅವರು ಬಾಯಲ್ಲಿದ್ದ ಜೇಷ್ಠಮಧುವಿನ ತುಂಡನ್ನು ಪಕ್ಕಕ್ಕೆ ಸರಿಸಿಕೊಂಡರು.

“ಹೂಂ. ಆ ಆಫೀಸರಿಗೂ ಖುಷಿ ಆಗಿರೋದು.”

ಅಷ್ಟೇ. ಪಿಸುಮಾತಿನಲ್ಲಿ. ನನಗೆ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಅವಮಾನ ಎಂದುಕೊಂಡೆ. ಅದು ನಿಜ ಎಂಬುದು ಹೊಳೆಯುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ಆ ದಿನದಿಂದ ಆ ಮನೆಯ ಮುಂದೆ ಹಾದುಹೋಗುವಾಗ ಫೋನಿನಲ್ಲಿ ಯಾರ ಜೊತೆಯೋ ಮಾತಾಡುವ ನಟನೆ ಶುರುವಾಯಿತು. ಎಲ್ಲರ ನಟನೆ ಮಾಡಿದವನು ಕೊನೆಗೆ ಬ್ಯುಸಿ ಮನುಷ್ಯನ ನಟನೆಗೂ ಇಳಿದೆ. ಡಿಗ್ರಿ ಮುಗಿಯಿತು. ಮದುವೆ, ನಾಮಕರಣ, ಆರ್ಕೆಸ್ಟ್ರಾ ಎಂದು ದುಡಿಮೆ ಸಿಕ್ಕಿತು.

ಟೀಚರಮ್ಮ ತೋರಿಸುವುದನ್ನು ನಿಲ್ಲಿಸಲಿಲ್ಲ. ಬೇರೆ ದನಿಯನ್ನೂ ಹುಡುಕಲಿಲ್ಲ. ಒಮ್ಮೆ ಮದ್ದೂರಿನಲ್ಲಿ ಇದೆ ಎಂದು ಕಿವಿಗೆ ಬಿತ್ತು. ಕಳ್ಳನ ಹಾಗೆ ಹೋಗಿ ಹಿಂದಿನ ಬಾಗಿಲಲ್ಲಿ, ಕಂಬಳಿಯ ಮರೆಯಲ್ಲಿ ನಿಂತೆ. ಮೈಕನ್ನು ತುಟಿಗೆ ಒತ್ತಿಕೊಂಡು, ಸ್ಪೀಕರನ್ನು ಪೂರ್ತಿ ಏರಿಸಿಕೊಂಡು ಅವರೇ ಪಿಸುಗುಟ್ಟುತ್ತಿದ್ದರು. ಡಾಕ್ಟರು ಬೇಡವೆಂದಿದ್ದ ಅದೇ ಪಿಸುದನಿ. ಎರಡು ಗಂಟೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಎಳೆದುಕೊಳ್ಳುವುದು ಸ್ಪೀಕರಿನಲ್ಲಿ ಕೇಳುತ್ತಿತ್ತು. ಜನ ಕಿವಿ ಮುಂದೆ ಚಾಚಿ, ಕೆಮ್ಮು ಬಂದರೂ ತಡೆದುಕೊಂಡು ಕೂತಿದ್ದರು. ಅಂಥ ನಿಶ್ಶಬ್ದವನ್ನು ನಾನು ಯಾವ ಸ್ಟೇಜಿನ ಮೇಲೂ ಸಂಪಾದಿಸಿಲ್ಲ.

ಅರ್ಜಿ ಬರೆಯುವ ಮುದುಕ ಬಂದಾಗ ಅವರು ಮೈಕು ಇಳಿಸಿದರು. ಆ ಜಾಗವನ್ನು ಜನರಿಗೇ ಬಿಟ್ಟುಬಿಟ್ಟಿದ್ದರು. ಆಮೇಲೆ ಒಬ್ಬರು, ಕೈ ಮುಚ್ಕತಾವ್ನೆ ನೋಡು ಎಂದರು. ಇನ್ನೊಬ್ಬರು ಯಾಕೆ ಎಂದರು. ಗೋಡೆಯ ಪಕ್ಕ ಕೂತಿದ್ದ ಒಬ್ಬ ಅಜ್ಜ, ನಮ್ಮಪ್ಪನೂ ಇಂಗೇ ನಿಂತಿದ್ನಂತೆ, ಗೊತ್ತಿಲ್ಲ ಗೊತ್ತಿಲ್ಲ ಅಂತ್ಲೇ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದ. ಯಾರಿಗೆ ಗೊತ್ತಿಲ್ಲ ಎಂದ, ಏನು ಕಥೆ, ಏನೂ ಹೇಳಲಿಲ್ಲ. ಟೀಚರಮ್ಮ ಅವನನ್ನೇ ನೋಡುತ್ತಾ, ಮಾತು ಬರಲಿ ಎಂದು ಕಾಯುತ್ತಾ ನಿಂತಿದ್ದರು. ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು...

ನಾನು ಒಳಗೆ ಹೋಗಿ ಮೈಕು ಇಸಿದುಕೊಳ್ಳಬೇಕಿತ್ತು. ನನ್ನ ಗಂಟಲು ಗಟ್ಟಿಯಾಗಿತ್ತು, ಅವರದು ಹರಿದುಹೋಗುತ್ತಿತ್ತು. ಕಂಬಳಿಯನ್ನು ಸರಿಯಾಗಿ ಎಳೆದುಬಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ.

ಹೋದ ವರ್ಷ ಅವರಿಗೆ ಜ್ವರ ಬಂತು, ಆಸ್ಪತ್ರೆಗೆ ಸೇರಿದರು, ನಾಲ್ಕನೇ ದಿನ ಹೋಗಿಬಿಟ್ಟರು. ಆ ಹೊತ್ತಿಗೆ ನಾನು ಯಾವುದೋ ಊರಿನ ಸ್ಟೇಜಿನಲ್ಲಿ, ಹಾಜರಿ ಕರೆಯುವ ಟೀಚರ ಐಟಂ ಮಾಡುತ್ತಿದ್ದೆ. ಅದು ನನಗೆ ಹೆಸರು ತಂದ ಐಟಂ. ಹೌದು, ಅವರದೇ ದನಿ, ಮೂಗು ಕಮ್ಮಿ ಮಾಡಿದ್ದು. ಮಾರನೆಯ ದಿನ ಊರಿಗೆ ಬಂದಾಗ ಬೀದಿಯಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು.

ತಂಗಿ ನಮ್ಮ ಮನೆಗೆ ಬಂದದ್ದು ಹೋದ ತಿಂಗಳು. ವೈರು ಚೀಲವನ್ನು ನಡುಮನೆಯಲ್ಲಿಟ್ಟು, ಮೇಲೆ ನೋಟ್‌ಬುಕ್ಕು ಇಟ್ಟರು. ಮಳವಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ತೋರಿಸುತ್ತೇನೆ ಎಂದು ಅಕ್ಕ ಮಾತು ಕೊಟ್ಟಿದ್ದಳು, ಮಾತು ಹಾಗೇ ಉಳಿದಿದೆ, ನೀನು ಬಾ ಎಂದರು. ನಾನಾ, ನನ್ನಿಂದ ಆದದ್ದು ಗೊತ್ತಲ್ಲ ಎಂದೆ. ಗೊತ್ತು, ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಪಿಚ್ಚರ್ ಮುಗಿದುಹೋಗುತ್ತದೆ, ಇಲ್ಲದಿದ್ದರೆ ನಿನ್ನ ಬಾಗಿಲಿಗೆ ಯಾರು ಬರುತ್ತಿದ್ದರು ಎಂದರು. ಕ್ಷಮೆಯೂ ಇಲ್ಲ, ಕೋಪವೂ ಇಲ್ಲ. ಅಳತೆ ತೆಗೆದುಕೊಂಡ ಹಾಗೆ ಮಾತಾಡಿ ಎದ್ದುಹೋದರು.

ನೋಟ್‌ಬುಕ್ಕಿನಲ್ಲಿ ಆ ಮುದುಕನ ಮಾತು ಬರುವ ಪುಟ ತೆರೆದೆ. ಓದೋಕೆ ಬರಲ್ಲ ಸ್ವಾಮಿ ಎಂಬ ಸಾಲಿನ ಎದುರು, ಬೇರೆ ಬಣ್ಣದ ಪೆನ್ನಿನಲ್ಲಿ ಟೀಚರಮ್ಮ ಒಂದೇ ಒಂದು ಮಾತು ಸೇರಿಸಿದ್ದರು: ಇಲ್ಲಿ ಬಾಯಿ ಮುಚ್ಚು, ಬೆರಳು ಕಾಣಲಿ. ಯಾರಿಗೆ ಬರೆದುಕೊಂಡರೋ. ತಮಗೇ ಇರಬಹುದು. ನನಗೂ ಇರಬಹುದು...

ಒಂದು ವಾರ ಕನ್ನಡಿಯ ಮುಂದೆ ತಯಾರಿ ಮಾಡಿದೆ. ಹಿಂದೆ ಎಂದೂ ಹಾಗೆ ಶ್ರದ್ಧೆಯಿಂದ ಮಾಡಿದ್ದಿಲ್ಲ. ಭಾನುವಾರ ಮದ್ದೂರಿನಿಂದ ಮಳವಳ್ಳಿ ಮುಟ್ಟಿದಾಗ ತಂಗಿ ಆಗಲೇ ಕಂಬಳಿಗಳನ್ನು ಕಟ್ಟಿ, ಪ್ರೊಜೆಕ್ಟರು ಹೂಡಿ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಹಾಲಿನ ತುಂಬ ಹುಡುಗಿಯರು. ಹಿಂದಿನ ಸಾಲಿನಲ್ಲಿ ಟೀಚರಮ್ಮನ ಜೊತೆ ಕೆಲಸ ಮಾಡಿದ ಕೆಲವು ಹಿರಿಯ ಹೆಂಗಸರು. ಸರಿಯಾಗಿ ಮೂರಕ್ಕೆ ದೀಪ ಆರಿತು. ನಾನು ತೆರೆಯ ಎಡಕ್ಕೆ ನಿಂತು ಟಾರ್ಚು ಹಾಕಿದೆ. ಕಡಲು ಬಂತು. ಗಲ್ಲಿ ಬಂತು. ಮೊದಲ ಮಾತು ಹೇಳಿದೆ.

ಅವರ ದನಿಯಲ್ಲಿ ಹೇಳಿದೆ. ಏರಿಳಿತವಿಲ್ಲದ, ಹಾಜರಿ ಕರೆದಂಥ, ಆಪರೇಷನ್ನಿಗೆ ಮುಂಚಿನ ದನಿ. ನಗಿಸಲು ಅಲ್ಲ. ಬದುಕಿನಲ್ಲಿ ಮೊದಲ ಸಲ ನಗಿಸಲು ಅಲ್ಲ. ಆ ದನಿ ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ನನ್ನ ಗಂಟಲಲ್ಲಿ ಮಾತ್ರ, ಹಾಗಾಗಿ ಅದನ್ನು ಅವರ ಸಿನಿಮಾಕ್ಕೆ ಒಪ್ಪಿಸಿಬಿಡುತ್ತೇನೆ ಎಂದುಕೊಂಡಿದ್ದೆ. ಹಿಂದಿನ ಸಾಲಿನಲ್ಲಿ ತಲೆಗಳು ತಟ್ಟನೆ ಮೇಲೆದ್ದವು. ಒಬ್ಬರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ಸರಿಯಾಗಿ ಬಂದಿದೆ, ಮೂಗು ಜಾಸ್ತಿಯಾಗಿಲ್ಲ, ಕೊನೆಗೂ ಸರಿಯಾಗಿ ಬಂದಿದೆ ಎಂದುಕೊಂಡು ಎರಡನೇ ಮಾತು ಹೇಳಿದೆ. ಮೂರನೆಯದು ಹೇಳಿದೆ.

ತೆರೆಯ ಮೇಲೆ ಚಿತ್ರ ನಿಂತುಹೋಯಿತು. ಕರೆಂಟು ಹೋಗಿರಲಿಲ್ಲ. ತಂಗಿ ನಿಲ್ಲಿಸಿದ್ದರು. ಲ್ಯಾಪ್‌ಟಾಪಿನ ಬೆಳಕಿನಲ್ಲಿ ಅವರ ಮುಖ ಮಾತ್ರ ಕಾಣುತ್ತಿತ್ತು, ಒದ್ದೆಯಾಗಿತ್ತು. ಇಡೀ ಹಾಲಿಗೆ ಕೇಳುವಂತೆ ಅವರು ಹೇಳಿದರು:

“ಅಕ್ಕ ಸತ್ತೋದ್ಲು ಕಣ್ಲಾ. ನೀನು ಓದು.”